ಬ್ಯಾಸ್ಕಂ ಮಹಲಿನ ಬೆಂಕಿ

ಟಾರ್ವರ್ ಕೌಂಟಿಯ ಹಳೆಯ ಮನೆತನಗಳ ಮನೆಗಳ ಬಗ್ಗೆ ಒಂದು ಪುಸ್ತಕ ಬರಲೇಬೇಕು ಎಂದು ಚರಿತ್ರೆ ಸಂಘದವರು ತೀರ್ಮಾನಿಸಿದಾಗ, ಬರೆಯುವ ಹೊಣೆ ಮೇವಿಸ್ ಕ್ರಂಪ್ಟನ್ ಅವರ ತಲೆಗೆ ಬಿತ್ತು. ಕಾರಣ ಸರಳ, ಆಕೆಗೆ ಹಳೆಯ ಮನೆಯೇ ಇರಲಿಲ್ಲ. ಅಪ್ಪ ಟಕರ್ ಬೇರೆಯವರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದವನು. ಚಳಿಗಾಲ ಬಂತೆಂದರೆ ಹೆಂಡತಿ, ಮಕ್ಕಳು, ಕೋಳಿ, ಒಲೆ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಒಬ್ಬ ಧಣಿಯ ಗುಡಿಸಲಿನಿಂದ ಇನ್ನೊಬ್ಬನ ಗುಡಿಸಲಿಗೆ ಹೊರಡುತ್ತಿದ್ದ. ಮೇವಿಸ್ ಹೈಸ್ಕೂಲಿನ ಹುಡುಗಿಯರಿಗೆ ಅಡುಗೆ, ಹೊಲಿಗೆ ಕಲಿಸಿ ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೆ ಹೆದ್ದಾರಿ ಪಕ್ಕದ ಪುಟ್ಟ ಇಟ್ಟಿಗೆ ಮನೆಯಲ್ಲಿ ಒಬ್ಬರೇ ಇದ್ದರು.

"ನಿಮಗೆ ಯಾರ ಕಡೆಗೂ ಪಕ್ಷಪಾತ ಇರಲ್ಲ, ಮಿಸ್ ಮೇವಿಸ್," ಎಂದರು ಸಂಘದ ಅಧ್ಯಕ್ಷ, ದಂತವೈದ್ಯ ಥರ್ಮಂಡ್ ಬ್ಯಾಸ್ಕಂ. ನಿಮ್ಮದು ಅಂತ ಹೇಳಿಕೊಳ್ಳೋಕೆ ಏನೂ ಇಲ್ಲವಲ್ಲ ಎಂಬ ಮಾತನ್ನು ಇಷ್ಟು ಮರ್ಯಾದೆಯಾಗಿ ಆಡುವ ಕಲೆ ಜಾರ್ಜಿಯಾದ ಆ ಮೂಲೆಯಲ್ಲಿ ಹಳೆಯ ಮನೆತನದವರಿಗೆ ಮಾತ್ರ ಬರುತ್ತಿತ್ತು.

ಮೇವಿಸ್ ಮನೆಮನೆಗೆ ಹೋದರು. ಎಲ್ಲೆಲ್ಲೂ ಸಕ್ಕರೆ ಸುರಿದ ತಣ್ಣನೆಯ ಚಹಾ, ಬೆಣ್ಣೆ ಕೇಕು, ಜೊತೆಗೆ ಒಂದೇ ಕಥೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಯಾಂಕಿಗಳು, ಅಂದರೆ ಉತ್ತರದ ಸೈನಿಕರು, ಬಂದರು. ಬೆಳ್ಳಿ ಸಾಮಾನನ್ನು ಅಜ್ಜಿ ಬಾವಿಗೆ ಹಾಕಿದಳು. ಯಾಂಕಿ ಜನರಲ್ ಕುದುರೆಯ ಸಮೇತ ನಡುಮನೆಗೆ ನುಗ್ಗಿದ. ಮನೆಯ ಚೆಲುವು ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, ಸುಡದೆ ಹೋದ. ಎಲ್ಲರ ಮಾತೂ ನಿಜವಾಗಿದ್ದರೆ ಆ ಜನರಲ್ ಯುದ್ಧ ಮಾಡಲು ಪುರುಸೊತ್ತಿಲ್ಲದೆ ಊರೆಲ್ಲ ಅಳುತ್ತ ತಿರುಗಿರಬೇಕು. ಸಾಲದ್ದಕ್ಕೆ ಸ್ಪೈವಿ ಮನೆಯವರೂ ಲ್ಯಾಂಗ್‌ಫರ್ಡ್ ಮನೆಯವರೂ ಆ ಒಂದೇ ರಾತ್ರಿ ಆತ ಮಲಗಿದ್ದು ತಮ್ಮಲ್ಲೇ ಎಂದು ಹಟ ಹಿಡಿದರು. ಚರ್ಚಿನಲ್ಲಿ ಬೇರೆ ಬೇರೆ ಬೆಂಚು ಹಿಡಿದು ಕೂರುವವರೆಗೆ ಜಗಳ ಬೆಳೆಯಿತು. ಮೇವಿಸ್ ಯೋಚಿಸಿ, ಪುಸ್ತಕದಲ್ಲಿ ಒಬ್ಬರ ಮನೆಯಲ್ಲಿ ಆತನಿಗೆ ಊಟ ಹಾಕಿಸಿ, ಇನ್ನೊಬ್ಬರ ಮನೆಯಲ್ಲಿ ಹಾಸಿಗೆ ಹಾಸಿಕೊಟ್ಟರು. ಎರಡೂ ಮನೆಯವರಿಗೆ ಸಮಾಧಾನವಾಯಿತು.

ಬ್ಯಾಸ್ಕಂ ಮಹಲಿನ ಕಥೆಯನ್ನು ಡಾಕ್ಟರೇ ಹೇಳಿ ಬರೆಸಿದರು. ಕೌಂಟಿಯಲ್ಲೇ ಮೊದಲ ಮನೆ, ಮುಂದೆ ಎಂಟು ಕಂಬ. ಯಾಂಕಿಗಳು ಅದೊಂದನ್ನು ಮಾತ್ರ ಸುಟ್ಟರು. "ಅಷ್ಟು ಹೊಟ್ಟೆಕಿಚ್ಚು ಅವರಿಗೆ!" ಎಂದು ಡಾಕ್ಟರು ನಿಟ್ಟುಸಿರಿಟ್ಟರು. ಮೇವಿಸ್ ತಲೆ ತಗ್ಗಿಸಿ ಬರೆದುಕೊಂಡರು. ನಿಜಕ್ಕೆ ಆ ಮಹಲು ಸುಟ್ಟದ್ದು ೧೯೩೧ರಲ್ಲಿ, ಯುದ್ಧ ಮುಗಿದು ಅರವತ್ತಕ್ಕೂ ಹೆಚ್ಚು ವರ್ಷವಾದ ಮೇಲೆ. ಆಕೆ ಆಗ ಚಿಕ್ಕ ಹುಡುಗಿ. ಅಪ್ಪನ ಗಾಡಿಯ ಮೇಲೆ ನಿಂತು ಕಣ್ಣಾರೆ ನೋಡಿದ್ದರು. ಆದರೂ ಬರೆದುಕೊಂಡರು. ಡಾಕ್ಟರು ಆಕೆಗೆ ಕುರ್ಚಿ ಎಳೆದು ಕೂರಿಸಿದ್ದರು. ಪಾಲುಗಾರ ಟಕರ್‌ನ ಮಗಳಿಗೆ ಬ್ಯಾಸ್ಕಂ ಒಬ್ಬ ಕುರ್ಚಿ ಎಳೆದು ಕೂರಿಸುವುದು ಅಂದರೆ ಸಣ್ಣ ಮಾತಲ್ಲ.

ಮಹಲಿದ್ದ ಜಾಗದ ಚಿತ್ರ ತೆಗೆಯಲು ಹೋದಾಗ ಅಲ್ಲಿ ಜೊಂಡು ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಹಿಂದೆ, ಪೆಕಾನ್ ಮರಗಳ ಕೆಳಗೆ, ದಪ್ಪ ಚಿಮಣಿಯ ಒಂದು ಇಟ್ಟಿಗೆ ಮನೆ. ಅದು ಅರ್ಡೆಲ್ಲಾ ಗೈಥರ್ ಅವರ ಮನೆ. ಕರಿಯರ ಬೀದಿಯಲ್ಲಿ ಜೀವಮಾನವೆಲ್ಲ ಹೆಂಗಸರ ತಲೆಕೂದಲು ತಿದ್ದುವ ಅಂಗಡಿ ನಡೆಸಿದ ಅರ್ಡೆಲ್ಲಾ ಜಗಲಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

"ಒಂದೇ ಊರಲ್ಲಿ ಮುದುಕಿಯರಾದ್ವಿ. ಪುಸ್ತಕ ಬರೆಯೋ ಹೊತ್ತಿಗೆ ದಾರಿ ಗೊತ್ತಾಯ್ತಾ, ಮಿಸ್ ಮೇವಿಸ್?"

ಮೇವಿಸ್‌ಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಈ ಮನೆ ಬಗ್ಗೆ ನಿಮಗೆ ಏನಾದ್ರೂ..."

"ಇದು ಬ್ಯಾಸ್ಕಂ ಅವರ ಅಡುಗೆಮನೆ ಕಣ್ರೀ. ಮಹಲು ಕಟ್ಟೋಕೆ ಮುಂಚೆ ಇದನ್ನ ಕಟ್ಟಿದ್ದು. ಕಟ್ಟಿದವರು ಆಗ ಅವರ ಗುಲಾಮರಾಗಿದ್ದ ನಮ್ಮವರು. ಮಹಲು ಏಳೋವರೆಗೆ ಬ್ಯಾಸ್ಕಂ ಸಂಸಾರ ಇದರಲ್ಲೇ ಮಲಗ್ತಿತ್ತು. ನನ್ನ ಮುತ್ತಜ್ಜಿ ಇದೇ ಒಲೆ ಮುಂದೆ ಬೆಂದವಳು, ಸಂಬಳ ಇಲ್ದೆ. ಬೆಂಕಿ ಬಿದ್ಮೇಲೆ ಅವರು ಪೇಟೆಗೆ ಹೋದ್ರು, ನಮ್ಮ ತಾತ ಇದನ್ನ ಕೊಂಡ."

"ಬೆಂಕಿ... ಯಾಂಕಿಗಳು ಹಚ್ಚಿದ್ದು ಅಂತಾರೆ."

ಅರ್ಡೆಲ್ಲಾ ಕೈ ನಿಂತಿತು. "ಯಾಂಕಿ? ಡಾಕ್ಟರ ತಾತ, ಆ ಮುದಿ ಬ್ಯಾಸ್ಕಂ, ಚುಟ್ಟ ಬಾಯಲ್ಲಿ ಇಟ್ಕೊಂಡೇ ನಿದ್ದೆ ಹೋದ. ನಮ್ಮಮ್ಮ ಅವನ ಕಾಲು ಹಿಡಿದು ದರದರ ಎಳ್ಕೊಂಡು ಬಂದ್ಳು. ನೀವೂ ಇದ್ರಲ್ಲಮ್ಮ ಅಲ್ಲಿ! ನಿಮ್ಮಪ್ಪನ ಗಾಡಿ ಮೇಲೆ ನಿಂತ್ಕೊಂಡು, ಸುಟ್ಟ ಗೆಣಸು ತಿಂತಾ. ನನಗೂ ಒಂದು ತುಂಡು ಕೊಟ್ರಿ."

ಮೇವಿಸ್‌ಗೆ ಗೆಣಸು ಮರೆತೇಹೋಗಿತ್ತು. ಅರ್ಡೆಲ್ಲಾ ತೊಡೆಯ ಮೇಲಿದ್ದ ಬಟಾಣಿಯಲ್ಲಿ ಒಂದು ಹಿಡಿ ತೆಗೆದುಕೊಂಡು ತಾವೂ ಸುಲಿಯತೊಡಗಿದರು. ಸಂಜೆಯವರೆಗೂ ಅಲ್ಲೇ ಕೂತಿದ್ದರು.

ಮನೆಗೆ ಹೋಗಿ ಬರೆದದ್ದನ್ನು ಹರಿದು ಹಾಕಿ, ಹೊಸದಾಗಿ ಬರೆದರು. ಕೌಂಟಿಯ ಅತಿ ಹಳೆಯ ಮನೆ, ಗೈಥರ್ ಮನೆ. ಮೊದಲ ಅಧ್ಯಾಯ.

ಅಚ್ಚಿಗೆ ಕೊಡುವ ಮುಂಚೆ ಇಡೀ ಬರಹವನ್ನು ಸಂಘದ ಸಭೆಯ ಮೇಜಿನ ಮೇಲಿಟ್ಟರು. ಮುಚ್ಚಿಡುವ ಉದ್ದೇಶ ಆಕೆಗಿರಲಿಲ್ಲ. ರಾಜೀನಾಮೆಯ ಮಾತನ್ನೂ ಬಾಯಿಪಾಠ ಮಾಡಿಕೊಂಡು ಹೋಗಿದ್ದರು. ಸದಸ್ಯರು ಒಬ್ಬೊಬ್ಬರಾಗಿ ಹಾಳೆ ತಿರುವಿ, ತಮ್ಮ ತಮ್ಮ ಮನೆಯ ಪುಟ ಹುಡುಕಿ, ಓದಿ, ಕಣ್ಣೊರೆಸಿಕೊಂಡು ಪಕ್ಕಕ್ಕೆ ದಾಟಿಸಿದರು. ಡಾಕ್ಟರು ಓದಲೇ ಇಲ್ಲ. "ನಮ್ಮದನ್ನ ನಾನೇ ಹೇಳಿ ಬರೆಸಿದ್ದಲ್ವಾ," ಎಂದು ನಕ್ಕು ಸಹಿ ಹಾಕಿದರು. ರಾಜೀನಾಮೆ ಮೇವಿಸ್ ಬಾಯಲ್ಲೇ ಉಳಿಯಿತು.

ಪುಸ್ತಕದ ಬಿಡುಗಡೆ ಚರ್ಚಿನ ಹಿಂದಿನ ಊಟದ ಸಭಾಂಗಣದಲ್ಲಿ. ಭಾಷಣ ಮಾಡಲು ನಿಂತ ಡಾಕ್ಟರು, ಪೂರ್ವಜರ ತ್ಯಾಗದ ಬಗ್ಗೆ ಒಂದು ವಾಕ್ಯ ಓದೋಣ ಎಂದು ಪುಸ್ತಕ ತೆರೆದರು. ಮೊದಲ ಪುಟದಲ್ಲೇ ಚುಟ್ಟ ಸಿಕ್ಕಿತು. ಬಾಯಿ ತೆರೆದದ್ದು ಹಾಗೇ ನಿಂತಿತು. ಬೇರೆಯವರ ಹಲ್ಲು ನೋಡುತ್ತಲೇ ಬದುಕಿದವರ ಹಲ್ಲನ್ನು ಅಂದು ಊರೇ ನೋಡಿತು.

"ಮಿಸ್ ಮೇವಿಸ್, ಇದೇನಿದು? ಯಾರು ಹೇಳಿದ್ದು ನಿಮಗೆ?"

"ನಾನು ನೋಡಿದ್ದೆ ಡಾಕ್ಟರೇ," ಎಂದರು ಮೇವಿಸ್. ಎದ್ದು ನಿಂತವರು ಕೂರಲಿಲ್ಲ. "ಗಾಡಿ ಮೇಲೆ ನಿಂತ್ಕೊಂಡು."

ಹಿಂದಿನ ಸಾಲಿನಿಂದ ಒಬ್ಬ ಮುದುಕ, "ನಾನೂ ನೋಡಿದ್ದೆ, ಬಕೆಟ್ ಹಿಡ್ಕೊಂಡಿದ್ದೆ," ಎಂದ. ಇನ್ನೊಬ್ಬಳು, "ನಮ್ಮಪ್ಪನೂ ಬಂದಿದ್ದ," ಎಂದಳು. ಇಷ್ಟು ವರ್ಷ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದವರು ಅಷ್ಟೊಂದು ಜನ ಇದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ.

ಬ್ಯಾಸ್ಕಂ ಅವರ ಮಾನ ಹೋದದ್ದನ್ನು ಓದಲು ಜನ ಮುಗಿಬಿದ್ದು, ಪುಸ್ತಕ ಖಾಲಿಯಾಯಿತು. ಆಮೇಲೆ ನಡೆದದ್ದನ್ನು ಮೇವಿಸ್ ಎಣಿಸಿರಲಿಲ್ಲ. ಚುಟ್ಟದ ಮುದುಕನಿಗೆ ಎಲ್ಲೆಲ್ಲೂ ಹೆಸರು ಬಂದದ್ದು ಕಂಡು ಉಳಿದ ಮನೆಯವರಿಗೆ ಹೊಟ್ಟೆ ಉರಿಯಿತು. ತಮ್ಮ ತಾತ ಕುಡುಕನಾಗಿದ್ದ, ಎರಡನೆಯ ಮುದ್ರಣದಲ್ಲಿ ಸೇರಿಸಿ ಎಂದು ಲ್ಯಾಂಗ್‌ಫರ್ಡ್ ಮನೆಯವರು ಕೇಕು ತಂದರು. ತಮ್ಮ ತಾತ ಇನ್ನೂ ದೊಡ್ಡ ಕುಡುಕ ಎಂದು ಸ್ಪೈವಿಗಳು ಎರಡು ಕೇಕು ತಂದರು. ಡಾಕ್ಟರು ಹಲವು ವಾರ ಮುಖ ತೋರಿಸದೆ ಇದ್ದು, ಕೊನೆಗೆ ಒಂದು ತಿದ್ದುಪಡಿ ಹಿಡಿದು ಬಂದರು. ಆ ಚುಟ್ಟ ಸಾಮಾನ್ಯದ್ದಲ್ಲ, ಗವರ್ನರು ಕೊಟ್ಟದ್ದು.

ಕೌಂಟಿಯ ಅತಿ ಹಳೆಯ ಮನೆಗೆ ಸಂಘ ಕೊಡುವ ಹಿತ್ತಾಳೆ ಫಲಕದ ವಿಷಯಕ್ಕೆ ಡಾಕ್ಟರು ಅರ್ಡೆಲ್ಲಾ ಮನೆ ಮೆಟ್ಟಿಲು ಹತ್ತಬೇಕಾಯಿತು. ಜೊತೆಗೆ ಮೇವಿಸ್ ಇದ್ದರು.

"'ಬ್ಯಾಸ್ಕಂ ಮಹಲಿನ ಅಡುಗೆಮನೆ' ಅಂತ ಬರೆಸಿದ್ರೆ ಇಬ್ಬರಿಗೂ ಗೌರವ," ಎಂದರು ಡಾಕ್ಟರು.

"ಮಹಲು ಎಲ್ಲಿದೆ ಡಾಕ್ಟರೇ?" ಅರ್ಡೆಲ್ಲಾ ಆಕಾಶ ನೋಡಿದರು. "ಆಗಲೇ ಹೊಗೆಯಾಗಿ ಹೋಯ್ತಲ್ಲ. ಫಲಕ ಅಲ್ಲಿ ಮೇಲೆ ತೂಗು ಹಾಕೋಕೆ ಆಗುತ್ತಾ?"

ಫಲಕದ ಮೇಲೆ ಗೈಥರ್ ಮನೆ ಎಂದೇ ಬಂತು. ಮೊಳೆ ಹೊಡೆದದ್ದು ಮೇವಿಸ್. ಒಂದು ಪಕ್ಕ ಸ್ವಲ್ಪ ಇಳಿದಿತ್ತು. ಸರಿಮಾಡೋಣವೇ ಎಂದು ಕೇಳಿದ್ದಕ್ಕೆ ಅರ್ಡೆಲ್ಲಾ, "ಇರಲಿ ಬಿಡಿ, ಒಳಗೆ ಬನ್ನಿ, ಜೋಳದ ರೊಟ್ಟಿ ಆರಿಹೋಗುತ್ತೆ," ಎಂದರು.