ಎರಡು ಸಲ ಜಿ ಒತ್ತಿದರೆ

ನಾನು ಈ ಬದುಕಿನಲ್ಲಿ ಸಾಧಿಸಿದ್ದು ಅಂತ ಏನಾದರೂ ಇದ್ದರೆ ಅದು ಇನ್ನೂರ ಹನ್ನೆರಡು ಶಾರ್ಟ್‌ಕಟ್‌ಗಳು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವರು ಗೆರೆ ಎಳೆಯುವುದಕ್ಕೂ ಅಳಿಸುವುದಕ್ಕೂ ಪರದೆಯ ಮೇಲಿನ ಪುಟ್ಟ ಚಿತ್ರಗಳನ್ನು ಹುಡುಕುತ್ತ ಕೂರುವುದು ನನ್ನ ದೃಷ್ಟಿಯಲ್ಲಿ ಮಾನಗೇಡು. ಪ್ರತಿ ಕೆಲಸಕ್ಕೂ ಎಡಗೈಗೆ ಎಟುಕುವ ಒಂದೆರಡು ಅಕ್ಷರ ಗೊತ್ತುಮಾಡಿಕೊಂಡಿದ್ದೆ. ಒಂದೊಂದರಿಂದ ಎರಡೆರಡು ಸೆಕೆಂಡ್ ಉಳಿತಾಯ. ಹಾಗೆ ಉಳಿಸಿದ್ದನ್ನೆಲ್ಲ ಫೋನ್ ನೋಡುತ್ತ ಕಳೆಯುತ್ತಿದ್ದೆ ಎನ್ನುವುದು ಬೇರೆ ಮಾತು. “ಆಫೀಸಲ್ಲಿ ಮಿಂಚಂತೆ ಇವನು. ಮನೇಲಿ ಒಂದು ಬಕೆಟ್ ನೀರು ಎತ್ತಿಡು ಅಂದ್ರೆ ಮುಕ್ಕಾಲು ಗಂಟೆ,” ಎಂದು ಅಮ್ಮ ಅಕ್ಕಪಕ್ಕದವರಿಗೆ ನನ್ನನ್ನು ಪರಿಚಯಿಸುತ್ತಾಳೆ.

ನನ್ನ ವಿಷಯ ಇಷ್ಟು ಸಾಕು. ಹೇಳಬೇಕಾದ್ದು ಆಫೀಸಿನಲ್ಲಿ ನಾವೆಲ್ಲ ಅಕ್ಕ ಎಂದು ಕರೆಯುವವರ ಬಗ್ಗೆ.

ನಮ್ಮದು ಗೇಟು, ಮೆಟ್ಟಿಲು, ಬಾಲ್ಕನಿ ಕಂಬಿ ಮಾಡುವ ಸಣ್ಣ ಕಾರ್ಖಾನೆ. ಮುಂದೆ ನಾಲ್ಕು ಕಂಪ್ಯೂಟರ್ ಇರುವ ಕೋಣೆ, ಹಿಂದೆ ವೆಲ್ಡಿಂಗ್ ಶೆಡ್ಡು, ನಡುವೆ ಮುಚ್ಚಲು ಬಾರದ ಒಂದು ತಗಡಿನ ಬಾಗಿಲು. ಅಕ್ಕ ಇಲ್ಲಿ ನಕ್ಷೆ ಬರೆಯುವ ಹಿರಿಯ ಡ್ರಾಫ್ಟ್ಸ್‌ಮನ್. ಹೆಂಗಸಿಗೂ ಡ್ರಾಫ್ಟ್ಸ್‌ಮನ್ ಅಂತಾರಾ ಎಂದು ನಾನು ಸೇರಿದ ಹೊಸತರಲ್ಲಿ ಕೇಳಿದ್ದೆ. “ಸಂಬಳದ ಚೀಟೀಲಿ ಹಾಗೇ ಇದೆ ಕಣೋ. ತಿದ್ದಿ ಅಂದ್ರೆ ಆ ತಿಂಗಳು ಸಂಬಳಾನೇ ಬರಲ್ಲ,” ಅಂದಿದ್ದರು.

ವಯಸ್ಸು ನಲವತ್ತೆಂಟು. ಅವರು ಕೆಲಸ ಕಲಿತದ್ದು ಇಂಕಿನ ಪೆನ್ನಿನಲ್ಲಿ, ಟ್ರೇಸಿಂಗ್ ಹಾಳೆಯ ಮೇಲೆ. ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆಯುತ್ತಿದ್ದ ಕಾಲ ಅದು. ಉದ್ದನೆಯ ಗೆರೆ ಎಳೆಯುವಾಗ ಈಗಲೂ ಉಸಿರು ಬಿಗಿಹಿಡಿಯುತ್ತಾರೆ, ಮೌಸ್ ಬಿಟ್ಟ ಮೇಲೆಯೇ ಬಿಡುತ್ತಾರೆ. ಅವರ ಕೀಬೋರ್ಡಿನ ಎಡಭಾಗದ ಅಕ್ಷರಗಳೆಲ್ಲ ಸವೆದು ಬೋಳಾಗಿವೆ. ದಿನಾ ಒಂದೂವರೆಗೆ ಅತ್ತೆಯ ಜತೆ ಫೋನಿನಲ್ಲಿ ಜಗಳ, ಎರಡಕ್ಕೆ ರಾಜಿ, ಅದರ ನಡುವೆ ಊಟ. ಊಟವಾದ ಮೇಲೆ ಖಾಲಿ ಸ್ಟೀಲ್ ಡಬ್ಬಿ ಹಿಡಿದು ಶೆಡ್ಡಿಗೆ ಹೋಗುತ್ತಾರೆ. ಅಲ್ಲಿನ ನಲ್ಲಿಯಲ್ಲಿ ಡಬ್ಬಿ ತೊಳೆಯುತ್ತಾರೆ ಎಂದು ಮೂರು ವರ್ಷ ನಂಬಿಕೊಂಡಿದ್ದೆ.

ಅತ್ತೆಯ ಕಣ್ಣಿನ ಆಪರೇಷನ್ನಿಗೆ ಅಕ್ಕ ಎರಡು ದಿನ ರಜೆ ಹಾಕಿದಾಗ ಎಲ್ಲ ಶುರುವಾಯಿತು. ಅವರ ಮೆಟ್ಟಿಲಿನ ನಕ್ಷೆಯಲ್ಲಿ ಏನೋ ಸಣ್ಣ ತಿದ್ದುಪಡಿ ಇತ್ತು. ಅವರ ಜಾಗದಲ್ಲಿ ಕೂತು, ಒಂದು ಗೆರೆ ಅಳಿಸೋಣವೆಂದು ನನ್ನ ಅಭ್ಯಾಸದ ಕೀ ಒತ್ತಿದೆ. ಇಡೀ ಮೆಟ್ಟಿಲು ಎರಡಾಯಿತು. ಗಾಬರಿಯಲ್ಲಿ ಮತ್ತೆ ಒತ್ತಿದೆ. ನಾಲ್ಕಾಯಿತು. ಹಿಂದೆ ನಿಂತಿದ್ದ ಯಜಮಾನರು, “ಏನಯ್ಯಾ ಇದು, ಮೆಟ್ಟಿಲು ಮರಿ ಹಾಕ್ತಾ ಇದೆ?” ಎಂದು ಕೂಗಿದರು. ಅಕ್ಕನ ಕೀಗಳೇ ಬೇರೆ, ನನ್ನವೇ ಬೇರೆ. ನಾಲ್ಕೂ ಕಂಪ್ಯೂಟರಿನಲ್ಲಿ ಒಂದೇ ಪಟ್ಟಿ ಇರಲಿ ಎಂದು ಅಲ್ಲೇ ಹುಕುಂ ಹೊರಟಿತು. ಯಾರ ಪಟ್ಟಿ? ನನ್ನದು! ಎದೆ ಉಬ್ಬಿಸಿಕೊಂಡು ಕೂತು ಸಂಜೆಯೊಳಗೆ ಎಲ್ಲದಕ್ಕೂ ನನ್ನದನ್ನೇ ಹಾಕಿದೆ. ಅಕ್ಕನ ಹಳೆಯ ಪಟ್ಟಿಯ ಫೈಲಿನ ಒಂದು ನಕಲನ್ನು ಮರ್ಯಾದೆಗೆ ಇಟ್ಟುಕೊಂಡೆ.

ಮರಳಿ ಬಂದ ಅಕ್ಕ ರೇಗಲಿಲ್ಲ. “ಜಿ ಜಿ ಇದ್ಯೇನೋ?” ಎಂದಷ್ಟೇ ಕೇಳಿದರು. ಎರಡು ಸಲ ಜಿ ಒತ್ತಿ, ಸರಳಿನಿಂದ ಸರಳಿಗೆ ಎಷ್ಟು ಸಂದಿ ಬೇಕೆಂದು ಕೊಟ್ಟರೆ, ಎರಡು ಕಂಬಗಳ ನಡುವೆ ಸರಳುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ನನ್ನ ಪಟ್ಟಿಯಲ್ಲೂ ಅದೇ ಹೆಸರು, ಅದೇ ಕೆಲಸ. “ಅದು ನಿಮ್ಮದು ಹೆಂಗಿತ್ತೋ ಹಂಗೇ ಇದೆ ಅಕ್ಕ,” ಅಂದೆ. ಸುಳ್ಳು ಹೇಳಿದೆನೆಂದು ನನಗೇ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ವೆಲ್ಡರ್ ಮಾಮನಿಂದ ಅಳತೆ ಟೇಪು ಇಸಿದುಕೊಳ್ಳಲು ನಾನೂ ಶೆಡ್ಡಿಗೆ ಹೋಗಿದ್ದೆ. ಒಬ್ಬ ಫೋಟೋಗ್ರಾಫರ್ ಮನೆಯ ಬಾಲ್ಕನಿ ಕಂಬಿ ಗೋಡೆಗೆ ಒರಗಿ ನಿಂತಿತ್ತು. ನಾಲ್ಕು ಗಂಟೆಯ ವ್ಯಾನಿನಲ್ಲಿ ಹೋಗಬೇಕಾದ್ದು. ಅಕ್ಕ ಅದರ ಮುಂದೆ ಕೂತು ಡಬ್ಬಿಯನ್ನು ಅಡ್ಡ ಹಿಡಿದು ಎರಡು ಸರಳುಗಳ ನಡುವೆ ತಳ್ಳಿದರು. ಡಬ್ಬಿ ಸಲೀಸಾಗಿ ಆಚೆ ಹೋಯಿತು. ಅದರ ಹಿಂದೆ ಅವರ ಕೈ, ಮೊಣಕೈವರೆಗೆ, ಹೋಯಿತು. ಅಕ್ಕ ಹಾಗೆಯೇ ಕೂತುಬಿಟ್ಟರು. ಮುಖದಲ್ಲಿ ರಕ್ತವೇ ಇಲ್ಲ.

“ಡಬ್ಬಿಯಕ್ಕಾ, ಇದೇ ಮೊದಲು ನೋಡಿ ಪಾಸಾಗಿದ್ದು!” ಎಂದು ವೆಲ್ಡರ್ ಮಾಮ ನಕ್ಕ. ಅವನ ಲೆಕ್ಕದಲ್ಲಿ ಅದು ದಿನನಿತ್ಯದ ಆಟ.

ಅಕ್ಕ ನನ್ನ ಕಡೆ ತಿರುಗಿದರು. “ಹಂಗೇ ಇದೆ ಅಂದ್ಯಲ್ಲೋ?”

ಒಳಗೆ ಓಡಿ ಅವರ ಹಳೆಯ ಫೈಲು ತೆರೆದೆ. ಜಿ ಜಿ ಎಂಬ ಸಾಲಿನ ಕೆಳಗೆ ನಾನು ಅಂದು ಓದದೆ ಬಿಟ್ಟಿದ್ದ ನಾಲ್ಕು ಸಾಲುಗಳಿದ್ದವು. ಕೊಟ್ಟ ಸಂದಿ ನಾಲ್ಕಿಂಚಿಗಿಂತ ಕಡಿಮೆ ಇದ್ದರೆ ಹಾಗೇ ಇರಲಿ. ಹೆಚ್ಚಿದ್ದರೆ, ಐದಾಗಲಿ ಎಂಟಾಗಲಿ, ನಾಲ್ಕಿಂಚಿನೊಳಗೇ ಹಾಕು. ಅಷ್ಟೇ. ಗಿರಾಕಿ ಆರಿಂಚು ಕೇಳಿದರೆ ಅಕ್ಕ ಆರೇ ಒತ್ತುತ್ತಿದ್ದರು, ಕೀ ಮಾತ್ರ ಆರನ್ನು ನುಂಗಿ ನಾಲ್ಕನ್ನು ಉಗುಳುತ್ತಿತ್ತು. ಆ ಊಟದ ಡಬ್ಬಿಯ ಅಗಲವೂ ನಾಲ್ಕಿಂಚೇ; ಅದು ಸರಳುಗಳ ನಡುವೆ ನುಸುಳದಿದ್ದರೆ ಸರಿ. ನಕ್ಷೆಯಲ್ಲಿ ಸರಳು ಎಣಿಸುವ ಗಿರಾಕಿ ಇನ್ನೂ ಹುಟ್ಟಿಲ್ಲ. ಎರಡು ಸೆಕೆಂಡ್ ಉಳಿಸುವುದಕ್ಕಲ್ಲದೆ ಬೇರೆ ಯಾವುದಕ್ಕಾದರೂ ಶಾರ್ಟ್‌ಕಟ್ ಮಾಡಬಹುದೆಂದು ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ.

“ಎಷ್ಟು ವರ್ಷದಿಂದ ಅಕ್ಕ?”

“ಹನ್ನೊಂದು.” ಬೆನ್ನ ಹಿಂದೆ ನಿಂತಿದ್ದರು. “ಒಂದು ಬಾಲ್ಕನಿಗೆ ಆರಿಂಚು ಬರೆದುಕೊಟ್ಟಿದ್ದೆ, ಕೇಳಿದ್ರು ಅಂತ. ಮಗು ನುಸುಳಿ ಕೆಳಗೆ ಬಿತ್ತು. ಬದುಕ್ತು. ಆದ್ರೆ ನಡೆಯಲ್ಲ.”

ಫೈಲು ಮುಚ್ಚಿ ಎದ್ದೆ. “ನನ್ನದೇ ತಪ್ಪು ಅಂತ ಯಜಮಾನರಿಗೆ ಹೇಳ್ತೀನಿ ಅಕ್ಕ. ನಿಮ್ಮ ಸುದ್ದಿ ಎತ್ತಲ್ಲ.”

“ತಪ್ಪು ನಿಂದೇ. ಆದ್ರೂ ನಾನೇ ಹೇಳ್ತೀನಿ, ಬಾ. ವ್ಯಾನ್ ಬಂದುಬಿಡುತ್ತೆ.”

ಯಜಮಾನರು ಎಲ್ಲ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. “ಹನ್ನೊಂದು ವರ್ಷ! ನನ್ನ ಕಾರ್ಖಾನೇಲಿ ಕೂತು ನನ್ನ ಕಣ್ಣಿಗೇ ಮಣ್ಣು ಎರಚಿದ್ದೀಯಲ್ಲಮ್ಮ! ಒಂದು ಮಾತು ನನ್ನ ಹತ್ರ ಹೇಳೋಕೆ ಏನಾಗಿತ್ತು?”

“ಹೇಳಿದ್ದೆ ಸಾರ್.”

“ಯಾವಾಗ?”

“ಮಗು ಬಿದ್ದ ಮಾರನೇ ದಿನ. ಇಲ್ಲೇ ನಿಂತ್ಕೊಂಡು. ನಾಲ್ಕಿಂಚಿನ ಮೇಲೆ ಬೇಡ ಸಾರ್ ಅಂದೆ. ಗಿರಾಕಿ ಕೇಳಿದ್ದು ಕೊಡೋದು ನಮ್ಮ ಕೆಲಸ, ಬುದ್ಧಿ ಹೇಳೋದಲ್ಲ ಅಂದ್ರಿ. ಅವತ್ತೇ ಆ ಕೀ ಮಾಡಿದ್ದು.”

ಯಜಮಾನರು ಮತ್ತೆ ಕುರ್ಚಿಯಲ್ಲಿ ಕೂತರು. ಅವರಿಗೆ ನೆನಪೇ ಇಲ್ಲ ಎಂಬುದು ಮುಖದಲ್ಲಿ ಎದ್ದು ಕಾಣುತ್ತಿತ್ತು. ನೆನಪಿದ್ದಿದ್ದರೆ ಒಂದಿಷ್ಟು ಕೂಗಾಡಿಯಾದರೂ ಹಗುರಾಗುತ್ತಿದ್ದರೇನೋ. ಕೊನೆಗೆ ಫೋನ್ ಎತ್ತಿ ಫೋಟೋಗ್ರಾಫರಿಗೆ ಮಾಡಿದರು. ನಾಲ್ಕಿಂಚಿನ ಮೇಲೆ ನಾವು ಮಾಡುವುದಿಲ್ಲ, ಕಂಬಿ ಬಿಚ್ಚಿ ಬೇರೆ ಕಟ್ಟಿಕೊಡುತ್ತೇವೆ ಎಂದರು. ಆ ಕಡೆಯ ದನಿ ಮೇಜಿನ ಈಚೆಗೂ ಕೇಳಿಸಿತು: “ನಾನೇನು ಪಂಜರದಲ್ಲಿ ಕೂರ್ಬೇಕಾ? ಎದುರಿಗೆ ಅಷ್ಟು ಚೆನ್ನಾಗಿ ಕೆರೆ ಕಾಣುತ್ತೆ.”

“ಹಂಗಿದ್ರೆ ಬೇರೆ ಕಡೆ ಮಾಡಿಸ್ಕೊಳ್ಳಿ,” ಎಂದು ಯಜಮಾನರು ಗುಡುಗಿದರು.

“ಮಾಡಿಸ್ಕೋತೀನಿ ಬಿಡಿ.”

ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟುತ್ತಿದ್ದೆ. ಯಜಮಾನರೂ ಮೀಸೆ ಸವರಿಕೊಂಡರು. ಅಕ್ಕನ ಮುಖ ನೋಡಿದರೆ ಶೆಡ್ಡಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಬಿಳಿಚಿಕೊಂಡಿತ್ತು.

“ಸಾರ್, ಅವರು ಬೇರೆ ಕಡೆ ಹೋದ್ರೆ ಆರಿಂಚೇ ಹಾಕಿಸ್ತಾರಲ್ಲ.”

ಯಜಮಾನರ ಕೈ ಮೀಸೆಯಿಂದ ಇಳಿಯಿತು. ಅಕ್ಕ ಕಳ್ಳತನದಲ್ಲಿ ಬರೆದಿದ್ದರೆ ಆ ಮನೆಗೆ ಇವತ್ತಿನ ವ್ಯಾನಿನಲ್ಲಿ ನಾಲ್ಕಿಂಚಿನ ಕಂಬಿ ಹೋಗುತ್ತಿತ್ತು. ನಾವು ಮೂವರೂ ಸತ್ಯವಂತರಾದ ಫಲವಾಗಿ ಈಗ ಹೋಗುವುದಿಲ್ಲ.

ಅಕ್ಕ ನಕ್ಷೆಯ ಮೂಲೆಯಲ್ಲಿದ್ದ ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡರು. “ಗಾಡಿ ತೆಗಿ,” ಎಂದರು ನನಗೆ. ಯಜಮಾನರು ಹೋಗಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಫೋಟೋಗ್ರಾಫರ್ ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಬಾಗಿಲು ತೆರೆದವರೇ, “ಫೋನಲ್ಲಿ ಬೈದಿದ್ದು ಸಾಲ್ದು ಅಂತ ಮನೇಗೇ ಬಂದ್ರಾ?” ಎಂದರು. ಆದರೂ ಮಹಡಿಗೆ ಕರೆದೊಯ್ದರು. ಬಾಲ್ಕನಿಗೆ ಸದ್ಯಕ್ಕೆ ಒಂದು ಹಗ್ಗ ಕಟ್ಟಿತ್ತು. ಕೆರೆ ನಿಜವಾಗಿಯೂ ಚೆನ್ನಾಗಿತ್ತು. ಕೆಳಗೆ ಸಿಮೆಂಟಿನ ಅಂಗಳ.

ಅಕ್ಕ ವಿಷಯ ಹೇಳಿದರು. ಹನ್ನೊಂದು ವರ್ಷದ್ದೇನೂ ಹೇಳಲಿಲ್ಲ, ಸಂದಿಯಷ್ಟೇ. ಅವರು ತಾಳ್ಮೆಯಿಂದ ಕೇಳಿ, ಖಾಲಿ ಮನೆಯ ಕಡೆ ಕೈ ಬೀಸಿದರು. “ನೋಡಿಮ್ಮ, ಹೆಂಡತಿ ಹೋಗಿ ಆರು ವರ್ಷ. ನಮಗೆ ಮಕ್ಕಳಿಲ್ಲ. ಈ ಮನೇಲಿ ನಾನು, ನನ್ನ ಕ್ಯಾಮೆರಾ, ಇಬ್ಬರೇ. ನುಸುಳೋರು ಯಾರಿದ್ದಾರೆ ಹೇಳಿ?”

ಮನುಷ್ಯ ಹೇಳುವುದರಲ್ಲಿ ನ್ಯಾಯವಿತ್ತು. ಇನ್ನೇನು, ಗಾಡಿಯ ಬೀಗದ ಕೈ ಹುಡುಕಲು ಜೇಬಿಗೆ ಕೈ ಹಾಕಿದೆ.

“ನಾನು ಆರಿಂಚು ಬರೆದುಕೊಟ್ಟ ಒಂದು ಬಾಲ್ಕನಿಯಿಂದ ಮಗು ನುಸುಳಿ ಬಿತ್ತು ಸಾರ್. ಆ ಮನೇಲೂ ಮಕ್ಕಳಿರ್ಲಿಲ್ಲ,” ಎಂದರು ಅಕ್ಕ. “ನಾನು ಬರೆದಿದ್ದು ಚೆನ್ನಾಗಿ ಬಂದಿದೆ, ನೋಡ್ಕೊಂಡು ಹೋಗು ಬಾ ಅಂತ ಅವರು ಕರೆದಿದ್ರು. ನಾನು ನನ್ನ ತಂಗಿ ಮಗೂನ ಎತ್ಕೊಂಡು ಹೋಗಿದ್ದೆ.”

ನನ್ನ ಕೈ ಜೇಬಿನಲ್ಲೇ ಉಳಿಯಿತು.

ಫೋಟೋಗ್ರಾಫರ್ ಹಗ್ಗದ ಆಚೆ ಕೆಳಗಿನ ಅಂಗಳವನ್ನು ನೋಡಿದರು. ಆಮೇಲೆ ಹಗ್ಗದಿಂದ ಎರಡು ಹೆಜ್ಜೆ ಹಿಂದೆ ಸರಿದು, ಒಳಗೆ ಬಂದು ಕೇಳಿದರು: “ಎಷ್ಟು ಸರಳು ಜಾಸ್ತಿ ಆಗುತ್ತೆ?”

“ಹದಿನೈದು,” ಎಂದರು ಅಕ್ಕ.

“ಯಾವಾಗ ಬರುತ್ತೆ?”

“ನಾಡಿದ್ದು. ಅಲ್ಲಿವರೆಗೂ ಈ ಬಾಗಿಲಿಗೆ ಬೀಗ ಹಾಕಿರಿ ಸಾರ್.”

ಫೋಟೋಗ್ರಾಫರ್ ಆಗಲೇ ಬಾಗಿಲು ಎಳೆದು ಚಿಲಕ ಹಾಕುತ್ತಿದ್ದರು.