ವಿಷಯದೊಳಗೆ ಬಾರದ ಹಾಡು

ಚಿತ್ರದುರ್ಗದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಅನುಪಮಾಗೆ ಒಂದು ಪದವೆಂದರೆ ಬಲು ಪ್ರೀತಿ: ಥೀಮ್ಯಾಟಿಕ್. 'ವಿಷಯಕ್ಕೆ ಸಂಬಂಧಿಸಿದ್ದು' ಎಂದು ಅರ್ಥ ಹೇಳಿ ಸುಮ್ಮನಾಗುವವಳಲ್ಲ. ಅದು ಗ್ರೀಕರ 'ಥೆಮಾ'ದಿಂದ ಬಂತು, ಥೆಮಾ ಎಂದರೆ ಇಟ್ಟದ್ದು, ಮಾತಿಗೆಂದು ಮುಂದಿಟ್ಟ ವಿಷಯ ಎಂದು ಗ್ರೀಸಿಗೆ ಹೋಗಿಬಂದವಳ ಹಾಗೆ ವಿವರಿಸುತ್ತಿದ್ದಳು. ಮಕ್ಕಳು ಆಕಳಿಸಿದರೂ ಬಿಡುತ್ತಿರಲಿಲ್ಲ.

ಪಿಎಚ್.ಡಿ.ಗೂ ಅದೇ ಹುಚ್ಚು. ಬೀಸುವಾಗ ಹೆಂಗಸರು ಹಾಡುವ ಪದಗಳನ್ನು ವಿಷಯವಾರು ವಿಂಗಡಿಸುವುದು. ಹಾಡುವವರನ್ನು ಹುಡುಕಬೇಕಿರಲಿಲ್ಲ. ಹೊಳಲ್ಕೆರೆ ಹತ್ತಿರದ ಹಳ್ಳಿಯಲ್ಲಿ ದೊಡ್ಡಮ್ಮ ಕಾಳಕ್ಕ ಇದ್ದಳು. ಎಳೆಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಅನುಪಮಾಳನ್ನು ಸಾಕಿದವಳು ಅವಳೇ. ತಾಯಿ ಹೇಗಿದ್ದಳು ಎಂದು ಕೇಳಿದರೆ ಮಾತ್ರ ಕಾಳಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ತಂಗಿಯ ಹೆಸರನ್ನು ಅವಳು ಎತ್ತುತ್ತಲೇ ಇರಲಿಲ್ಲ.

ಕಾಳಕ್ಕನಿಗೆ ಬರೀ ಕೂತು ಹಾಡಲು ಬಾರದು. ಬೀಸುಕಲ್ಲಿನ ಗೂಟ ಹಿಡಿದು ಒಂದು ಹಿಡಿ ರಾಗಿ ಹಾಕಿದರೆ ಹಾಡು ತಾನಾಗಿ ಬರುತ್ತಿತ್ತು. ಶಿವನಿಂದ ತವರಿಗೆ, ತವರಿನಿಂದ ಅತ್ತೆಯ ಕಾಟಕ್ಕೆ. ಕಲ್ಲಿನ ಮುಂದೆ ಹೇಳಿಕೊಳ್ಳುವುದಕ್ಕೆ ಏನು ನಾಚಿಕೆ? ಅವತ್ತು ಮದುವೆಯ ಪದ ನಡೆದಿತ್ತು. ನಡುವೆ ಕಾಳಕ್ಕ ಹೊಸ ಹಿಡಿ ಹಾಕಿ, ದನಿ ಇಳಿಸಿ, "ಕೂಸು ಕೊಟ್ಟೋದ ತಂಗೆವ್ವ" ಎಂದು ಎತ್ತಿಕೊಂಡಳು.

ಪುಣ್ಯಾತ್ಗಿತ್ತಿ ಅನುಪಮಾ ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿದಳು. "ಅದು ಆಮೇಲೆ, ದೊಡ್ಡಮ್ಮ. ಇವತ್ತು ಮದುವೆ ವಿಷಯ ಅಷ್ಟೆ."

"ಕಾಳು ಬಿದ್ದಂಗೆ ಪದ ಬರ್ತೈತೆ ಕಣವ್ವ. ಆಗ್ಲಿ ಬಿಡು," ಎಂದು ಕಾಳಕ್ಕ ಮತ್ತೆ ಮದುವೆಗೆ ತಿರುಗಿದಳು.

ಆಮೇಲೆ ಎಂಬುದು ಬರಲೇ ಇಲ್ಲ. ಶ್ರಾವಣದಲ್ಲಿ ಲಕ್ವ ಹೊಡೆದು ಕಾಳಕ್ಕನ ಮಾತು ಬಿದ್ದುಹೋಯಿತು. ಅನುಪಮಾಗೆ ಡಾಕ್ಟರೇಟ್ ಬಂತು, ಕಾಲೇಜಿನವರು ಶಾಲು ಹೊದಿಸಿದರು. ಈಗ ಅವಳು ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು, ದೊಡ್ಡಮ್ಮನ ಕೈಯನ್ನು ಗೂಟದ ಮೇಲಿಟ್ಟು, ತಾನೇ ಕಾಳು ಹಾಕಿ ಕಾಯುತ್ತಾಳೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಲ್ಲು ತಿರುಗುತ್ತದೆ, ಕಾಳಕ್ಕ ಬಾಯಿ ತೆರೆಯುತ್ತಾಳೆ, ಪದ ಮಾತ್ರ ಹೊರಡುವುದಿಲ್ಲ.

ಹೋದ ಭಾನುವಾರ ಪಕ್ಕದ ಮನೆಯ ಚಂದ್ರಕ್ಕ ಬಂದಾಗ ಅನುಪಮಾ ಆಸೆಯಿಂದ ಕೇಳಿದಳು. "ತಂಗೆವ್ವನ ಪದ ನಿಮಗೆ ಬರುತ್ತಾ?"

"ನಮಗೆಲ್ಲಿ ಬರ್ಬೇಕು! ಅದು ನಿಮ್ಮವ್ವನ ಮ್ಯಾಲೆ ಇವಳೇ ಕಟ್ಟಿದ್ದು. ಒಬ್ಳೇ ಬೀಸುವಾಗ ಹಾಡ್ಕಂತಿದ್ಲು. ನಾವು ಬಾಗಿಲಿಗೆ ಬಂದ್ರೆ ನಿಲ್ಲಿಸಿಬಿಡೋಳು." ಚಂದ್ರಕ್ಕ ಅನುಪಮಾಳ ಕಡೆ ತಿರುಗಿದಳು. "ನಿನ್ ಮುಂದಾದ್ರೂ ಹಾಡಿದ್ಲೇನವ್ವ?"

ಅನುಪಮಾಗೆ ದೊಡ್ಡಮ್ಮನ ಮುಖ ನೋಡಲಾಗಲಿಲ್ಲ. "ಹಾಡೋಕೆ ಶುರು ಮಾಡಿದ್ಲು ಚಂದ್ರಕ್ಕ. ನಾನೇ ಬೇಡ ಅಂದೆ."