ಗಟ್ಟಿ ಸ್ಪ್ರಿಂಗು

ಐವತ್ತು ದಾಟಿದವನ ಕೈಯಲ್ಲಿ ರಿಮೋಟ್ ಕಾರು ಕಂಡರೆ ಜನ ಮೊಮ್ಮಗನಿಗಾ ಎಂದು ಕೇಳುತ್ತಾರೆ. ಹೂಂ ಎಂದುಬಿಡುತ್ತೇನೆ. ನನಗೆ ಮೊಮ್ಮಗನಿಲ್ಲ. ಕಾರು ನನ್ನದೇ, ಅದರ ಚಿಂತೆಯೂ ನನ್ನದೇ.

ಹೋದ ಬೇಸಿಗೆಯಲ್ಲಿ ಅದರ ಸ್ಪ್ರಿಂಗು ಬದಲಿಸಲು ಹೊರಟು, ಅಂಗಡಿಗೆ ಫೋನು ಮಾಡಿ ಗಟ್ಟಿ ಇರುವುದನ್ನೇ ಕಳಿಸಿ ಎಂದೆ. ಬಾಳಿಕೆ ಬರಲಿ ಎಂದು, ಕೊಡೆ ಕೊಳ್ಳುವಾಗ ಹೇಳುವ ಹಾಗೆ. ಬಂದವನ್ನು ಹಾಕಿ ಸಾಗರದ ನಮ್ಮ ಅಂಗಳದಲ್ಲಿ ಬಿಟ್ಟರೆ ಕಾರು ಕಡಲೆಕಾಳು ಸಿಕ್ಕರೂ ಹಾರುತ್ತಿತ್ತು.

ಅಕ್ಕನ ಗಂಡ, ನನ್ನ ಭಾವ, ತಕ್ಕಡಿ ರಿಪೇರಿಯಲ್ಲೇ ಆಯುಷ್ಯ ಕಳೆದವರು. ನೋಡಿ ನಕ್ಕರು. "ಅಲ್ಲ ಮಾರಾಯ, ಸ್ಪ್ರಿಂಗು ಗಟ್ಟಿ ಅಂದ್ರೆ ಮುರಿಯಲ್ಲ ಅಂತಲ್ಲ. ಬಗ್ಗಲ್ಲ ಅಂತ."

ಅಡುಗೆಮನೆಯ ತಕ್ಕಡಿಯ ಮೇಲೆ ಸ್ಪ್ರಿಂಗು ನಿಲ್ಲಿಸಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಹೆಬ್ಬೆರಳಲ್ಲಿ ಐದು ಮಿಲಿಮೀಟರ್ ಅದುಮಿ ಎಷ್ಟು ಗ್ರಾಂ ತೋರಿಸುತ್ತದೆಂದು ಓದಿದರು. ಹೊಸದು ಹಳೆಯದರ ಎರಡರಷ್ಟಿತ್ತು. ಇಷ್ಟು ತಗ್ಗಿಸಲು ಇಷ್ಟು ಭಾರ ಬೇಕು ಎನ್ನುವುದೇ ಪೊಟ್ಟಣದ ಮೇಲಿನ ಸಂಖ್ಯೆಯ ಅರ್ಥವಂತೆ. ನಾನದನ್ನು ಮಾಡೆಲ್ ನಂಬರ್ ಎಂದುಕೊಂಡಿದ್ದೆ.

ಎರಡೂ ಜೊತೆ ಸ್ಪ್ರಿಂಗು ತಗೋ, ಸಪಾಟು ನೆಲ ತೋರಿಸುತ್ತೇನೆ ಎಂದು ಅವರು ಹೊಸನಗರದ ಕಡೆಯ ಹಿನ್ನೀರಿಗೆ ಕರೆದೊಯ್ದರು. ನೀರು ತುಂಬ ಹಿಂದೆ ಸರಿದಿತ್ತು. ಎರಡನೇ ಕ್ಲಾಸಿನಲ್ಲಿದ್ದಾಗ ಅಣೆಕಟ್ಟಿನ ಮುಳುಗಡೆಯಲ್ಲಿ ಅವರು ಬಿಟ್ಟುಬಂದ ಮನೆ ಅಲ್ಲೇ ಎಲ್ಲೋ ಹೂಳಿನಡಿ ಇತ್ತು. ಮಂಡಿ ಪೂರ್ತಿ ಕೈಕೊಡುವ ಮೊದಲು ಒಮ್ಮೆ ಆ ಹೊಸ್ತಿಲ ಮೇಲೆ ನಿಲ್ಲಬೇಕು, ಅಂಗಳಕ್ಕೆ ಇಳಿಯಬೇಕು ಎಂಬುದು ಅವರ ಆಸೆ. ಆ ಅಂಗಳದಲ್ಲೊಂದು ಬಾವಿ ಇತ್ತಂತೆ, ನನಗೆ ಅದರ ಭಯ. ಹೂಳು ಆ ಬಾವಿಯನ್ನು ತುಂಬಿದೆಯೋ, ಬರೀ ಬಾಯಿ ಮುಚ್ಚಿದೆಯೋ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಹಳೆಯ, ಮೆದು ಸ್ಪ್ರಿಂಗಿನಲ್ಲಿ ಕಾರು ಬಿಟ್ಟೆ. ತುಪ್ಪದ ಮೇಲೆ ಜಾರಿದಂತೆ ಹೋಯಿತು. ನೆಲ ಗಟ್ಟಿ ಇದೆ ಎಂದು ಘೋಷಿಸಿ, ನಾನೇ ನಡೆದುಹೋಗಿ ಎತ್ತಿಕೊಂಡು ಬಂದೆ. ಗಟ್ಟಿ ಎಂಬ ಮಾತಿನಿಂದ ನನಗೆ ಇನ್ನೂ ಬುದ್ಧಿ ಬಂದಿರಲಿಲ್ಲ.

ಆಮೇಲೆ ಬಗ್ಗದ ಸ್ಪ್ರಿಂಗು ಹಾಕಿದೆ. ಅದೇ ನೆಲ ಮಾತಾಡತೊಡಗಿತು. ಹೂಳಿನ ಸಣ್ಣ ಬಿರುಕುಗಳಿಗೆಲ್ಲ ಟಕ್ ಟಕ್ ಎನ್ನುತ್ತಿದ್ದ ಕಾರು ಒಂದು ಗೆರೆಯಲ್ಲಿ ಮಾತ್ರ ಎತ್ತರಕ್ಕೆ ಹಾರಿತು. ತಿರುಗಿಸಿದೆ, ಅದೇ ಗೆರೆಯಲ್ಲಿ ಮತ್ತೆ ಹಾರಿತು. ಅಡಿಯಲ್ಲಿ ಜಂಬಿಟ್ಟಿಗೆ ಕಲ್ಲಿನ ಗೋಡೆಯ ಬುಡ. ನಡುಮಧ್ಯಾಹ್ನದ ಬಿಸಿಲು, ಒಂದು ಹಕ್ಕಿಯೂ ಇಲ್ಲ. ಆಟಿಕೆಯೊಂದು ಹಾರಿ ಹಾರಿ ಮನೆಯ ನಕ್ಷೆ ಬರೆಯುತ್ತಿತ್ತು. ಭಾವ ಮೆಲ್ಲಗೆ ಜಗಲಿ, ನಡುಮನೆ, ಕೊಟ್ಟಿಗೆ ಎನ್ನುತ್ತಿದ್ದರು. ಗೆರೆ ಕಡಿದು ಕಾರು ಹಾರದೆ ಹೋದ ಕಡೆ ಬಾಗಿಲು ಎಂದರು. ಚಪ್ಪಲಿ ಕಳಚಿಟ್ಟು ಅಲ್ಲಿ ಹೋಗಿ ನಿಂತರು.

ತುಸು ಹೊತ್ತು ನಿಂತು, ಅಂಗಳದ ಕಡೆ ತಿರುಗಿ, ಹೆಜ್ಜೆ ಎಣಿಸುತ್ತ ಹೊರಟೇಬಿಟ್ಟರು. ಅವರಮ್ಮ ಕೊಡ ಹಿಡಿದು ಬಾವಿಗೆ ಎಂಟು ಹೆಜ್ಜೆ ಹೋಗುತ್ತಿದ್ದರಂತೆ. ನಾನು ಗಾಬರಿಯಲ್ಲಿ ಕಾರನ್ನು ಅವರ ಮುಂದೆ ಓಡಿಸಿದೆ. ಟಕ್, ಟಕ್, ಟಕ್. ಆಮೇಲೆ ಸದ್ದೇ ಇಲ್ಲ. ಬ್ಯಾಟರಿ ಹೋಯಿತೆಂದುಕೊಂಡೆ. ಚಕ್ರ ತಿರುಗುತ್ತಲೇ ಇತ್ತು. ಅಲ್ಲಿ ಬಿರುಕೇ ಇರಲಿಲ್ಲ, ಹೂಳು ಒಣಗಿರಲೇ ಇಲ್ಲ. ಕಾರು ದಾಟಿಹೋದ ಮೇಲೆ ನೆಲ ಹಾಲಿನ ಕೆನೆಯ ಹಾಗೆ ನಡುಗಿತು.

"ಭಾವಾ, ನಿಲ್ಲಿ. ಕಾಲು ಮುಂದೆ ಇಡಬೇಡಿ."

ಆರನೇ ಹೆಜ್ಜೆಯಲ್ಲಿ ನಿಂತರು. ತಿರುಗಲಿಲ್ಲ. ಆ ನುಣುಪಿನ ಅಂಚಿನಲ್ಲೇ, ಆಗಷ್ಟೇ ಧೈರ್ಯವಾಗಿ ನಡೆದುಬಂದ ನನ್ನ ಹೆಜ್ಜೆಗಳಿದ್ದವು. ಹೋಗುವಾಗಿನವು ಅಂಚಿನಿಂದ ಒಂದು ಗೇಣು ದೂರ, ಬರುವಾಗಿನವು ನಾಲ್ಕೇ ಬೆರಳು.

"ಬಾವಿ ಮುಚ್ಚದೆ ಬಂದ್ವಿ ಅಂತ ಅಮ್ಮ ಸಾಯೋವರೆಗೂ ಹೇಳ್ತಿದ್ಲು," ಎಂದರು ಭಾವ. ಬಂದ ಹೆಜ್ಜೆಗಳಲ್ಲೇ ಕಾಲಿಡುತ್ತ, ಐದು, ನಾಲ್ಕು ಎಂದು ಹಿಮ್ಮುಖವಾಗಿ ಎಣಿಸುತ್ತ ಹೊಸ್ತಿಲಿಗೆ ಮರಳಿದರು.

ನಾನು ರಿಮೋಟು ಹಿಡಿದು ನೋಡುತ್ತಲೇ ಇದ್ದೆ. ತೀರಾ ಅಂಚಿನಲ್ಲಿದ್ದ ನನ್ನ ಹೆಜ್ಜೆಗುರುತಿನೊಳಗೆ ನೀರು ಏರುತ್ತಿತ್ತು. ರಾಡಿಯಲ್ಲ, ತಿಳಿನೀರು.